ಮೈಸೂರು ರೈಲು ನಿಲ್ದಾಣದಲ್ಲಿ ಸಿಕ್ಕ ಅಕ್ಕನಿಗೆ

ಅಕ್ಕ, ನಮ್ಮ ಅಪ್ಪನಿಗೆ ಪ್ಲಾಟ್‌ಫಾರ್ಮ್ ದಾಟಲು ನೆರವಾದ ನಿಮಗೆ ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಕಣ್ಣು ಕಾಣುವುದಿಲ್ಲ. ಜೊತೆಗಿರುವ ನನ್ನನ್ನೇ ಜನ ಕೇಳುತ್ತಾರೆ, "ಇವರಿಗೆ ನೀರು ಬೇಕಾ?" ಅಂತ. ನೀವು ಅವರನ್ನೇ ಕೇಳಿದಿರಿ: "ಸರ್, ಸಹಾಯ ಬೇಕಾ?" ಅವರು ಹೂಂ ಅಂದ ಮೇಲೇ ಮೊಣಕೈ ಕೊಟ್ಟಿರಿ. ಅರ್ಧ ಹೆಜ್ಜೆ ಮುಂದೆ ನಡೆದಿರಿ. ಮೆಟ್ಟಿಲು ಬಂದಾಗ ಹತ್ತಬೇಕೋ ಇಳಿಯಬೇಕೋ ಹೇಳಿದಿರಿ. ಬಿಳಿ ಕೋಲನ್ನು ಹಿಡಿದು ಎಳೆಯಲಿಲ್ಲ. "ಅಯ್ಯೋ ಪಾಪ" ಅನ್ನಲೇ ಇಲ್ಲ. ಸುಮ್ನೆ ಕ್ರಿಕೆಟ್ ಮಾತಾಡಿದಿರಿ!

ಘನತೆಯಿಂದ ಬದುಕುವ ಹಕ್ಕು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಇದೆ. ಆದರೂ ರಸ್ತೆಯಲ್ಲಿ ಅದು ಸಿಗುವುದು ಅಪರೂಪ, ಅಲ್ವಾ? ನೆಂಟರು ಬಂದರೆ ಈಗ ನಾನೂ ಹೇಳುತ್ತೇನೆ, ಅಪ್ಪನ ವಿಷಯ ಅಪ್ಪನನ್ನೇ ಕೇಳಿ ಅಂತ. ಅಪ್ಪನೂ ನಿಮಗೆ ನಮಸ್ಕಾರ ಹೇಳಿದ್ದಾರೆ.