ನೀತಿಪದ್ಯದ ಪುಸ್ತಕ ಬರಲಿ, ಆದರೆ ಕವಿಯ ಹೆಸರಿಗೆ ಕತ್ತರಿ ಬೇಡ

ಸಂಪಾದಕರಿಗೆ ನಮಸ್ಕಾರ.

ನಮ್ಮ ಜಿಲ್ಲೆಯ ಶಾಲೆ ಮಕ್ಕಳಿಗಾಗಿ ಒಂದು ನೀತಿಪದ್ಯಗಳ ಪುಸ್ತಕ ಬರಬೇಕು, ವಚನ, ದಾಸರ ಪದ, ಸರ್ವಜ್ಞ, ಸೋಮೇಶ್ವರ ಶತಕ ಎಲ್ಲ ಸೇರಿಸಿ ಜೊತೆಗೆ ನಾಲ್ಕಾರು ಗದ್ಯದ ತುಣುಕು ಹಾಕಬೇಕು ಅಂತ ಓದುಗರೊಬ್ಬರು ಈ ಅಂಕಣದಲ್ಲಿ ಬರೆದಿದ್ದರು. ಒಳ್ಳೆಯ ಮಾತು, ನನ್ನ ತಕರಾರು ಅದಕ್ಕಲ್ಲ. ಅವರು ಮುಂದುವರಿದು, ಹದಿನೆಂಟನೇ ಶತಮಾನದಲ್ಲಿ ಇಂಗ್ಲೆಂಡಿನವರು ಇಂಥ ಪುಸ್ತಕಗಳಿಂದಲೇ ಮಕ್ಕಳನ್ನು ತಿದ್ದಿದರು, ಆಗ ಯಾರೂ ತಕರಾರು ಎತ್ತಲಿಲ್ಲ, ನಾವು ಮಾತ್ರ ಯಾವುದು ಸೇರಬೇಕು ಯಾವುದು ಬಿಡಬೇಕು ಅಂತ ಜಗಳ ಆಡುತ್ತೇವೆ ಅಂದಿದ್ದಾರೆ. ಅದನ್ನು ಓದಿ ಸುಮ್ನೆ ಕೂರಲಾಗಲಿಲ್ಲ. ತುಮಕೂರಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದವನು ನಾನು. ಆ ಕಾಲದ ಸಂಕಲನಗಳ ಹುಚ್ಚು ನನಗೆ ಸ್ವಲ್ಪ ಜಾಸ್ತಿ. ಸ್ಕ್ಯಾನ್ ಮಾಡಿದ ಪ್ರತಿಗಳು ಈಗ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ, ಯಾರು ಬೇಕಾದರೂ ನೋಡಬಹುದು. ನೋಡಿದರೆ ಗೊತ್ತಾಗುತ್ತದೆ, ಆ ಪುಸ್ತಕಗಳ ಹಿಂದೆ ಇದ್ದ ಜಗಳ ನಮ್ಮದಕ್ಕಿಂತ ಏನೂ ಕಡಿಮೆ ಇರಲಿಲ್ಲ.

ಮೊದಲು ಜಾನ್ ವೆಸ್ಲಿಯನ್ನೇ ತೆಗೆದುಕೊಳ್ಳಿ. ಮೆಥಡಿಸ್ಟ್ ಪಂಥ ಕಟ್ಟಿದ ಪಾದ್ರಿ. 1744ರಲ್ಲಿ ನೀತಿ ಮತ್ತು ಭಕ್ತಿಯ ಪದ್ಯಗಳನ್ನು ಆರಿಸಿ ಮೂರು ಸಂಪುಟ ಹೊರತಂದ. ಎಷ್ಟೇ ಮಡಿವಂತರ ಕಿವಿಗೂ ನೋವಾಗದಂಥ ಪದ್ಯಗಳು ಅನ್ನುವುದು ಅವನ ಭರವಸೆ. ಅದರಲ್ಲಿ ಎಡ್ವರ್ಡ್ ಯಂಗ್ ಎಂಬ ಕವಿಯ ಆಗಿನ್ನೂ ಹೊಸದಾಗಿದ್ದ, ಚೆನ್ನಾಗಿ ಮಾರಾಟವಾಗುತ್ತಿದ್ದ ಪದ್ಯಗಳೂ ಸೇರಿದ್ದವು. ಅದರ ಹಕ್ಕು ಇದ್ದದ್ದು ರಾಬರ್ಟ್ ಡಾಡ್ಸ್ಲಿ ಎಂಬ ಲಂಡನ್ನಿನ ಪ್ರಕಾಶಕನ ಕೈಯಲ್ಲಿ. ಅವನು ಬಿಡುತ್ತಾನೆಯೇ? ಕೊನೆಗೆ ವೆಸ್ಲಿ 50 ಪೌಂಡ್ ದಂಡ ತೆರಲು ಒಪ್ಪಬೇಕಾಯಿತು. ಪರಲೋಕದ ಚಿಂತೆಯಲ್ಲಿ ಈ ಲೋಕದ ಕಾಪಿರೈಟ್ ಮರೆತಿತ್ತು ಅಂತ ಕಾಣುತ್ತದೆ.

ಇದಕ್ಕಿಂತ ಸ್ವಾರಸ್ಯ ಇನ್ನೊಂದಿದೆ. ವೆಸ್ಲಿ ಬೇರೆಯವರ ಪದ್ಯಗಳನ್ನು ಧಾರಾಳವಾಗಿ ತಿದ್ದುತ್ತಿದ್ದ. ಜಾರ್ಜ್ ಹರ್ಬರ್ಟ್‌ನಂಥ ದೊಡ್ಡ ಕವಿಯ ಸಾಲುಗಳನ್ನೂ ಹಾಡಲು ಅನುಕೂಲ ಅಂತ ಮುರಿದು ಕಟ್ಟಿದ. ಅದೇ ವೆಸ್ಲಿ 1780ರ ಭಕ್ತಿಗೀತೆಗಳ ಪುಸ್ತಕದ ಮುನ್ನುಡಿಯಲ್ಲಿ, ನನ್ನ ಮತ್ತು ನನ್ನ ತಮ್ಮನ ಗೀತೆಗಳನ್ನು ಯಾರಾದರೂ ಅಚ್ಚು ಹಾಕಿಕೊಳ್ಳಲಿ, ಆದರೆ ಇದ್ದದ್ದು ಇದ್ದ ಹಾಗೇ ಹಾಕಲಿ, ತಿದ್ದುವ ಗೋಜಿಗೆ ಹೋಗಬಾರದು, ತಿದ್ದುವ ಶಕ್ತಿ ಅವರಿಗಿಲ್ಲ ಅಂತ ಬರೆದ. ಬೇರೆಯವರ ಕವಿತೆ ತಿದ್ದಿದರೆ ಸುಧಾರಣೆ, ನಮ್ಮದನ್ನು ತಿದ್ದಿದರೆ ಅಪಚಾರ! ನಮ್ಮಲ್ಲಿ ಸಂಕಲನ ಮಾಡುವವರೂ ಇದನ್ನು ಒಮ್ಮೆ ಓದಬೇಕು.

ಇನ್ನು ವಿಲಿಯಂ ಡಾಡ್. ಇವನೂ ಪಾದ್ರಿಯೇ. 1752ರಲ್ಲಿ ಷೇಕ್ಸ್‌ಪಿಯರ್ ನಾಟಕಗಳಿಂದ ಚೆಂದದ ಮಾತುಗಳನ್ನು ಹೆಕ್ಕಿ ಪುಸ್ತಕ ಮಾಡಿದ. ಜರ್ಮನಿಯ ಗಯಟೆ ಷೇಕ್ಸ್‌ಪಿಯರನ್ನು ಮೊದಲು ಕಂಡದ್ದು ಈ ಪುಸ್ತಕದಲ್ಲೇ, ಹಾಗಾಗಿ ಇಂಥ ಪುಸ್ತಕದಿಂದ ಪ್ರಯೋಜನ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಡಾಡ್ ಮುಂದೆ ಸಾಲದಲ್ಲಿ ಮುಳುಗಿ, ತನ್ನ ಹಳೆಯ ಶಿಷ್ಯನಾದ ಒಬ್ಬ ಶ್ರೀಮಂತನ ಹೆಸರಿನಲ್ಲಿ 4,200 ಪೌಂಡಿನ ಪತ್ರಕ್ಕೆ ಖೋಟಾ ರುಜು ಹಾಕಿ ಸಿಕ್ಕಿಬಿದ್ದ. ಕ್ಷಮೆ ಕೊಡಿ ಅಂತ ಸಾವಿರಾರು ಜನ ಸಹಿ ಹಾಕಿ ಅರ್ಜಿ ಕೊಟ್ಟರು. ಇಂಗ್ಲಿಷ್ ನಿಘಂಟು ಮಾಡಿದ ಡಾಕ್ಟರ್ ಜಾನ್ಸನ್ ಅವನ ಪರವಾಗಿ ಬರೆದುಕೊಟ್ಟ. ಏನೂ ನಡೆಯಲಿಲ್ಲ, 1777ರ ಜೂನ್ 27ರಂದು ಗಲ್ಲಿಗೇರಿಸಿದರು. ಸಂಕಲನಕಾರನ ನಡತೆ ನೋಡಿ ಪುಸ್ತಕ ಅಳೆಯಬೇಕು ಅಂತಲ್ಲ. ಆದರೆ ನೀತಿಯ ಪುಸ್ತಕ ಮಾಡುವವರೆಲ್ಲ ನೀತಿವಂತರು ಅಂತ ಕಣ್ಣುಮುಚ್ಚಿ ನಂಬುವವರಿಗೆ ಈ ಕಥೆ ಗೊತ್ತಿರಲಿ.

ಹೆಕ್ಕಿ ತೆಗೆಯುವುದರಲ್ಲಿ ಒಂದು ಅಪಾಯ ಇದೆ. 'ಹ್ಯಾಮ್ಲೆಟ್' ನಾಟಕದಲ್ಲಿ ಪೊಲೋನಿಯಸ್ ಮಗನಿಗೆ ಬುದ್ಧಿ ಹೇಳುವ ಭಾಗ ಎಲ್ಲರಿಗೂ ಗೊತ್ತು. ಸಾಲ ಕೊಡಬೇಡ, ಸಾಲ ತರಬೇಡ, ನಿನಗೆ ನೀನು ಪ್ರಾಮಾಣಿಕನಾಗಿರು ಅನ್ನುತ್ತಾನೆ. ಶಾಲೆಯ ಗೋಡೆ ಮೇಲೂ ಬರೆದಿರುತ್ತಾರೆ. ಆದರೆ ನಾಟಕ ಓದಿದವರಿಗೆ ಗೊತ್ತು, ಈ ಮುದುಕ ಬರೀ ಬಾಯಿಮಾತಿನವನು, ಸ್ವಲ್ಪ ಹೊತ್ತಿನಲ್ಲೇ ಅದೇ ಮಗನ ಮೇಲೆ ಕಣ್ಣಿಡಲು ಪ್ಯಾರಿಸ್ಸಿಗೆ ಆಳು ಕಳಿಸುತ್ತಾನೆ. ಆ ಸಾಲುಗಳನ್ನಷ್ಟೇ ಕಿತ್ತು ಪುಸ್ತಕಕ್ಕೆ ಹಾಕಿದರೆ ಅದು ಷೇಕ್ಸ್‌ಪಿಯರನ ಉಪದೇಶ ಆಗಿಬಿಡುತ್ತದೆ. ಕುಮಾರವ್ಯಾಸನಲ್ಲಿ ಶಕುನಿ ಆಡಿದ ಮಾತನ್ನು ಕವಿವಾಣಿ ಅಂತ ಹಾಕಿದರೆ ನಾವು ಒಪ್ಪುತ್ತೇವೆಯೇ?

ಲಾರೆನ್ಸ್ ಸ್ಟರ್ನ್ ಗತಿ ಇನ್ನೂ ತಮಾಷೆ. ಪೋಲಿ ಮಾತು, ತುಂಟತನ, ಅಡ್ಡಾದಿಡ್ಡಿ ಕಥನ ಅವನ ಕಾದಂಬರಿಯ ಜೀವ. ಅವನು ಸತ್ತ ಮೇಲೆ 1782ರಲ್ಲಿ ಒಬ್ಬ ಪ್ರಕಾಶಕ ಅವನ ಬರಹದಿಂದ ಕಣ್ಣೀರು ತರಿಸುವ ಭಾಗಗಳನ್ನು ಮಾತ್ರ ಆರಿಸಿ, ಮೃದು ಹೃದಯದವರಿಗೆ ಅಂತ ಮಾರಿದ. ಜನ ಮುಗಿಬಿದ್ದು ಕೊಂಡರು. ಕಾದಂಬರಿ ಓದದೆ ಬರೀ ಅದನ್ನು ಓದಿದವರಿಗೆ ಸ್ಟರ್ನ್ ಒಬ್ಬ ಸಾಧು. ನಮ್ಮ ಸರ್ವಜ್ಞನಿಗೂ ಇದೇ ಆಗಿದೆ ಅಲ್ವಾ? ಪಠ್ಯದಲ್ಲಿ ಬರುವ ಸರ್ವಜ್ಞ ಯಾರನ್ನೂ ಬೈಯುವುದೇ ಇಲ್ಲ. ನಿಜವಾದ ಸರ್ವಜ್ಞ ಜಾತಿ, ಮಠ, ಜಿಪುಣ, ಢೋಂಗಿ ಯಾರನ್ನೂ ಬಿಡಲಿಲ್ಲ. ಚನ್ನಪ್ಪ ಉತ್ತಂಗಿಯವರು ಓಲೆಗರಿ, ಕೈಬರಹ ಹುಡುಕಿ 1924ರಲ್ಲಿ ಸರ್ವಜ್ಞನ ವಚನಗಳನ್ನು ಹೊರತಂದರಲ್ಲ, ಅವರು ಕ್ರೈಸ್ತ ಪಾದ್ರಿ. ದಾಸರ ಪದಗಳನ್ನು 1850ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಮೋಗ್ಲಿಂಗ್ ಕೂಡ ಪಾದ್ರಿಯೇ. ಯಾರ ಪದ್ಯವನ್ನು ಯಾರು ಉಳಿಸುತ್ತಾರೆ ನೋಡಿ.

ಇಂಗ್ಲೆಂಡಿನಲ್ಲಿ ಇಂಥ ಪುಸ್ತಕಗಳು ಒಮ್ಮೆಲೇ ಹೆಚ್ಚಾಗಲು ಒಂದು ಕೋರ್ಟು ಕೇಸೂ ಕಾರಣ. 1710ರ ಕಾಯ್ದೆ ಪುಸ್ತಕದ ಹಕ್ಕಿಗೆ 14 ವರ್ಷ, ಲೇಖಕ ಬದುಕಿದ್ದರೆ ಇನ್ನೂ 14 ವರ್ಷ ಅಂತ ಮಿತಿ ಹಾಕಿತ್ತು. ಲಂಡನ್ನಿನ ಪ್ರಕಾಶಕರು ಒಪ್ಪಲಿಲ್ಲ, ಹಕ್ಕು ಶಾಶ್ವತ ಅಂತ ಪಟ್ಟು ಹಿಡಿದಿದ್ದರು. ಅಲೆಕ್ಸಾಂಡರ್ ಡೊನಾಲ್ಡ್‌ಸನ್ ಎಂಬ ಸ್ಕಾಟ್ಲೆಂಡಿನ ಪುಸ್ತಕ ವ್ಯಾಪಾರಿ ಎದುರು ಬಿದ್ದು, 1774ರಲ್ಲಿ ಆಗ ಅಲ್ಲಿನ ಕೊನೆಯ ಕೋರ್ಟೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಗೆದ್ದ. ಅಲ್ಲಿಂದ ಹಳೆಯ ಕವಿಗಳೆಲ್ಲ ಸಾರ್ವಜನಿಕ ಆಸ್ತಿ. ದುಡ್ಡು ಕೊಡದೆ ಯಾರ ಪದ್ಯ ಬೇಕಾದರೂ ಹಾಕಿಕೊಳ್ಳಬಹುದು. ವಿಲಿಯಂ ಎನ್‌ಫೀಲ್ಡ್ ಅದೇ ವರ್ಷ ಗಟ್ಟಿಯಾಗಿ ಓದುವ ಅಭ್ಯಾಸಕ್ಕೆ ಅಂತ ಒಂದು ಸಂಕಲನ ತಂದ. ಟನ್‌ಬ್ರಿಜ್ ಶಾಲೆಯ ಹೆಡ್‌ಮಾಸ್ಟರ್ ವೈಸೆಸಿಮಸ್ ನಾಕ್ಸ್ 1780ರ ದಶಕದಲ್ಲಿ ಗದ್ಯಕ್ಕೊಂದು, ಪದ್ಯಕ್ಕೊಂದು ದಪ್ಪ ಸಂಪುಟ ಮಾಡಿದ. ಅದು ಎಷ್ಟು ಮನೆಗಳಿಗೆ ಹೋಯಿತೆಂದರೆ, ಜೇನ್ ಆಸ್ಟೆನ್ 'ಎಮ್ಮಾ' ಕಾದಂಬರಿಯಲ್ಲಿ ರೈತ ರಾಬರ್ಟ್ ಮಾರ್ಟಿನ್ ಸಂಜೆ ಹೊತ್ತು ಓದಿ ಹೇಳುವುದು ಅದನ್ನೇ. ಅದೇ ಆಸ್ಟೆನ್ ಇನ್ನೊಂದು ಕಾದಂಬರಿಯಲ್ಲಿ, ಮಿಲ್ಟನ್, ಪೋಪ್‌ರಿಂದ ಹತ್ತು ಹನ್ನೆರಡು ಸಾಲು ಎತ್ತಿ ಪುಸ್ತಕ ಮಾಡಿದವನನ್ನು ಎಲ್ಲರೂ ಹೊಗಳುತ್ತಾರೆ, ಕಾದಂಬರಿ ಬರೆದವಳನ್ನು ಮಾತ್ರ ಮೂದಲಿಸುತ್ತಾರೆ ಅಂತ ಚುಚ್ಚುತ್ತಾಳೆ. ನನಗಂತೂ ಆ ಮಾತು ಬಹಳ ಇಷ್ಟ.

ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಹೆಣ್ಣುಮಕ್ಕಳಿಗಾಗಿ ಒಂದು ಸಂಕಲನ ಮಾಡಿದಳು. 1789ರಲ್ಲಿ ಅದು ಹೊರಬಂದಾಗ ಮುಖಪುಟದ ಮೇಲೆ ಇದ್ದದ್ದು ಕ್ರೆಸ್ವಿಕ್ ಎಂಬ ಗಂಡಸು ಮೇಷ್ಟ್ರ ಹೆಸರು! ಮೂರು ವರ್ಷದ ಮೇಲೆ ಹೆಣ್ಣಿನ ಹಕ್ಕುಗಳ ಬಗ್ಗೆ ಪುಸ್ತಕ ಬರೆದು ಇಡೀ ದೇಶ ಅಲುಗಾಡಿಸಿದವಳು ಇವಳೇ.

ಇಷ್ಟಾದ ಮೇಲೂ ಆಗಿನ ನೀತಿಪುಸ್ತಕಗಳು ನಿಷ್ಕಪಟ ಅಂತ ಅನಿಸಿದರೆ, 1790ರ ದಶಕ ನೋಡಿ. ಫ್ರಾನ್ಸಿನಲ್ಲಿ ಕ್ರಾಂತಿ ಆಗಿತ್ತು, ರಾಜರ ಆಳ್ವಿಕೆಯನ್ನೇ ಪ್ರಶ್ನಿಸಿದ ಟಾಮ್ ಪೇನ್‌ನ ಪುಸ್ತಕವನ್ನು ಇಂಗ್ಲೆಂಡಿನ ಕೂಲಿಯವರೂ ಓದುತ್ತಿದ್ದರು. ಉಳ್ಳವರಿಗೆ ದಿಗಿಲಾಯಿತು. ಹ್ಯಾನಾ ಮೋರ್ ಎಂಬ ಲೇಖಕಿ 1795ರಿಂದ ಅರ್ಧ ಪೆನ್ನಿ, ಒಂದು ಪೆನ್ನಿಯ ಚಿಕ್ಕ ಚಿಕ್ಕ ನೀತಿಕಥೆ, ನೀತಿಪದ್ಯದ ಪುಸ್ತಕಗಳನ್ನು ಹೊರಡಿಸಿದಳು. ದುಡಿ, ಕುಡಿಯಬೇಡ, ದೇವರು ಕೊಟ್ಟದ್ದರಲ್ಲಿ ತೃಪ್ತನಾಗಿರು, ದೊಡ್ಡವರಿಗೆ ಎದುರಾಡಬೇಡ. ಶ್ರೀಮಂತರು ಕಟ್ಟುಗಟ್ಟಲೆ ಕೊಂಡು ಬಡವರಿಗೆ ಹಂಚಿದರು, ಒಂದೇ ವರ್ಷದಲ್ಲಿ 20 ಲಕ್ಷ ಪ್ರತಿ ಹೋಯಿತು. ಕುಡಿಯಬೇಡ ಅನ್ನುವುದು ಒಳ್ಳೆಯ ಮಾತೇ, ಆದರೆ ಅದರ ಬೆನ್ನಿಗೇ ಕೂಲಿ ಜಾಸ್ತಿ ಕೇಳಬೇಡ ಅನ್ನುವುದನ್ನೂ ಸೇರಿಸಿ ಕೊಡುತ್ತಿದ್ದರು.

ಅದಕ್ಕೆ ಸ್ವಲ್ಪ ಮುಂಚೆ, 1793ರಲ್ಲಿ, ಥಾಮಸ್ ಸ್ಪೆನ್ಸ್ ಎಂಬ ಬಡ ಮೇಷ್ಟ್ರು ಪ್ರತಿ ವಾರ ಒಂದು ಪೆನ್ನಿಗೆ ತನ್ನದೇ ಸಂಕಲನ ಮಾರುತ್ತಿದ್ದ. ಎಡ್ಮಂಡ್ ಬರ್ಕ್ ಎಂಬ ದೊಡ್ಡ ಮನುಷ್ಯ ಸಾಮಾನ್ಯ ಜನರನ್ನು ಹಂದಿಗಳ ಹಿಂಡು ಅಂದಿದ್ದ. ಸ್ಪೆನ್ಸ್ ಅದನ್ನೇ ಹಿಡಿದು ಪತ್ರಿಕೆಗೆ 'ಹಂದಿಗಳ ಮೇವು' ಅಂತ ಹೆಸರಿಟ್ಟ. ಒಳಗೆ ಹಳೆಯ ಹೊಸ ಲೇಖಕರಿಂದ ಆರಿಸಿದ ತುಣುಕುಗಳು. ಎಲ್ಲವೂ ಸ್ವಾತಂತ್ರ್ಯ, ಸಮಾನತೆ, ದೊರೆಗಳ ದಬ್ಬಾಳಿಕೆಯ ಬಗ್ಗೆ. ಅದಕ್ಕಾಗಿ ಜೈಲಿಗೂ ಹೋದ. ಹಾಗಾದರೆ ಹೇಳಿ, ಜಗಳ ಇರಲಿಲ್ಲವೇ?

ಈಗ ನಮ್ಮ ಊರಿಗೆ ಬರೋಣ. ಸಂಕಲನದ ವಿಷಯದಲ್ಲಿ ತುಮಕೂರಿನವರು ಯಾರಿಂದಲೂ ಪಾಠ ಹೇಳಿಸಿಕೊಳ್ಳಬೇಕಿಲ್ಲ. ಗಣಪನಿಗೆ ಹೆಸರಾದ ನಮ್ಮ ಗೂಳೂರಿನ ಹೆಸರು ಶೂನ್ಯಸಂಪಾದನೆಯ ಸಂಕಲನಕಾರರಲ್ಲಿ ಒಬ್ಬರಾದ ಸಿದ್ಧವೀರಣ್ಣೊಡೆಯರ ಹೆಸರಿನಲ್ಲಿದೆ. ಅಲ್ಲಮ, ಬಸವಣ್ಣ, ಅಕ್ಕ, ಮುಕ್ತಾಯಕ್ಕ ಎಲ್ಲರ ವಚನಗಳನ್ನು ಜೋಡಿಸಿ ಎದುರುಬದುರು ಮಾತಾಡಿಸಿದ ಪುಸ್ತಕ ಅದು. ಜೋಡಣೆ ಸಂಕಲನಕಾರರದ್ದು, ಆದರೆ ಯಾವ ಮಾತು ಯಾರದ್ದು ಅನ್ನುವುದು ಎಲ್ಲೂ ಕಲಸಿಹೋಗುವುದಿಲ್ಲ, ಯಾಕೆಂದರೆ ವಚನದ ಒಳಗೇ ಅಂಕಿತ, ಅಂದರೆ ಬರೆದವರ ಗುರುತಿನ ಹೆಸರು, ಕೂತಿದೆ. ದಾಸರ ಪದಕ್ಕೂ ಹಾಗೆಯೇ, ಪುರಂದರ ವಿಠಲ ಅಂದರೆ ಮುಗಿಯಿತು. ಇಂಗ್ಲಿಷ್ ಕವಿಗಳಿಗೆ ಇರದ ಅನುಕೂಲ ಇದು.

ಅದನ್ನೂ ನಾವು ಕಳೆಯುತ್ತಿದ್ದೇವೆ. ಇತ್ತೀಚೆಗೆ ಒಂದು ಸಮಾರಂಭದಲ್ಲಿ ಮಕ್ಕಳಿಗೆ ಹಂಚಿದ ಕಿರುಪುಸ್ತಕ ನನ್ನ ಕೈಗೆ ಬಂತು. ಯಾರು ಹಂಚಿದ್ದು ಅನ್ನುವುದು ಬೇಡ. 'ಕಳಬೇಡ ಕೊಲಬೇಡ' ವಚನ 'ಇದೇ ಬಹಿರಂಗಶುದ್ಧಿ' ಅನ್ನುವಲ್ಲಿಗೆ ನಿಂತುಹೋಗಿದೆ. 'ಇದೇ ನಮ್ಮ ಕೂಡಲಸಂಗಮದೇವರನೊಲಿಸುವ ಪರಿ' ಅನ್ನುವ ಸಾಲೇ ಇಲ್ಲ! ಜಾಗ ಸಾಲದೆ ಬಿಟ್ಟರೋ, ಎಲ್ಲ ಧರ್ಮದವರಿಗೂ ಹೊಂದಲಿ ಅಂತ ಬಿಟ್ಟರೋ. ಆ ಸಾಲು ಹೋದರೆ ಉಳಿಯುವುದು ಬರೀ ಬೇಡ ಬೇಡಗಳ ಪಟ್ಟಿ. ಬಸವಣ್ಣನವರು ಪಟ್ಟಿ ಕೊಡಲು ಹೊರಟವರಲ್ಲ. ದೇವರನ್ನು ಒಲಿಸಲು ಪೂಜೆ ಪುನಸ್ಕಾರ ಬೇಕಿಲ್ಲ, ಇಷ್ಟು ನಡತೆ ಸಾಕು ಅನ್ನುವುದು ವಚನದ ಪಟ್ಟು. ಅದು ಇರುವುದು ಕತ್ತರಿಸಿದ ಆ ಸಾಲಿನಲ್ಲಿ. ಪುಸ್ತಕದಲ್ಲಿ ಯಾವ ಪದ್ಯಕ್ಕೂ ಕವಿಯ ಹೆಸರಿಲ್ಲ, ಆರಿಸಿದವರ ಹೆಸರೂ ಇಲ್ಲ. ದಾನಿಗಳ ಫೋಟೊ ಮಾತ್ರ ಬಣ್ಣದಲ್ಲಿದೆ.

ಅಂಕಿತದ ವಿಷಯ ಚಿಕ್ಕದು ಅಂತ ಯಾರೂ ಅಂದುಕೊಳ್ಳಬಾರದು. ಬಸವಣ್ಣನವರ ವಚನಗಳ ಅಂಕಿತ ಬದಲಿಸಿದ ಒಂದು ಸಂಕಲನವನ್ನು ರಾಜ್ಯ ಸರ್ಕಾರ 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು, ಅದು ಸುಪ್ರೀಂ ಕೋರ್ಟಿನವರೆಗೂ ಹೋಗಿ 2017ರಲ್ಲಿ ತೀರ್ಮಾನವಾಯಿತು. ಪುಸ್ತಕ ನಿಷೇಧಿಸುವುದು ನನಗೆ ಇಷ್ಟವಿಲ್ಲದ ಕೆಲಸ. ಮೂಲವನ್ನೂ ಪಕ್ಕದಲ್ಲಿ ಹಾಕಿದ್ದರೆ ಓದುಗ ತಾನೇ ತೀರ್ಮಾನಿಸುತ್ತಿದ್ದ.

ಹೆಸರು ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಮನೆಯ ಹತ್ತಿರದ್ದೇ ಇನ್ನೊಂದು ಉದಾಹರಣೆ. 'ಕರುಣಾಳು ಬಾ ಬೆಳಕೆ' ಹಾಡಿ ಬೆಳೆಯದ ಮಕ್ಕಳು ಕಡಿಮೆ. ಅದನ್ನು ಕನ್ನಡಕ್ಕೆ ತಂದ ಬಿ.ಎಂ. ಶ್ರೀಯವರು ಹುಟ್ಟಿದ್ದು ನಮ್ಮ ತುರುವೇಕೆರೆ ತಾಲೂಕಿನ ಸಂಪಿಗೆಯಲ್ಲಿ. ಮೂಲ, ನ್ಯೂಮನ್ ಎಂಬ ಪಾದ್ರಿ 1833ರಲ್ಲಿ ಬರೆದ ಇಂಗ್ಲಿಷ್ ಪದ್ಯ. ನಾನು ಪಾಠ ಮಾಡುವಾಗ ಇದನ್ನು ಕೇಳಿದರೆ ಕೆಲವರು ಜನಪದ ಗೀತೆ ಅನ್ನುತ್ತಿದ್ದರು, ಕೆಲವರು ಸಿನಿಮಾ ಹಾಡು ಅನ್ನುತ್ತಿದ್ದರು. ಮಕ್ಕಳ ತಪ್ಪಲ್ಲ, ಅವರ ಪ್ರಾರ್ಥನೆ ಪುಸ್ತಕದಲ್ಲಿ ಹೆಸರೇ ಇರಲಿಲ್ಲ.

ಪುಸ್ತಕ ಬೇಕು ಅಂದ ಓದುಗರಿಗೆ ನನ್ನ ಕೋರಿಕೆ ಇಷ್ಟು. ಪುಸ್ತಕ ಮಾಡೋಣ. ಪ್ರತಿ ಪದ್ಯದ ಕೆಳಗೆ ಕವಿಯ ಹೆಸರು, ಯಾವ ಪುಸ್ತಕದಿಂದ ತೆಗೆದದ್ದು ಅನ್ನುವುದು ಇರಲಿ. ಸಾಲು ಬಿಟ್ಟಿದ್ದರೆ ಅಲ್ಲಿ ಚುಕ್ಕಿ ಹಾಕಿ. ಅಂಕಿತಕ್ಕೆ ಮಾತ್ರ ಕೈ ಹಚ್ಚಲೇಬೇಡಿ. ಕಥೆಯ ಪಾತ್ರ ಆಡಿದ ಮಾತಾದರೆ ಯಾವ ಪಾತ್ರ, ಯಾವ ಸಂದರ್ಭ ಅಂತ ಒಂದು ಸಾಲು ಸೇರಿಸಿ. ಸಿಟ್ಟಿನ ಸರ್ವಜ್ಞನೂ ಒಂದೆರಡು ಪುಟ ಇರಲಿ, ಮಕ್ಕಳಿಗೆ ಅವನೇ ಹೆಚ್ಚು ಹಿಡಿಸುತ್ತಾನೆ. ಆರಿಸಿದವರು ಮುಖಪುಟದಲ್ಲೇ ತಮ್ಮ ಹೆಸರು ಹಾಕಲಿ, ಬೈಯಬೇಕಾದರೆ ಯಾರನ್ನು ಬೈಯಬೇಕು ಅಂತ ನಮಗೂ ಗೊತ್ತಿರಬೇಕಲ್ಲ. ಕರಡು ತಿದ್ದುವ ಕೆಲಸ ನಾನು ಪುಕ್ಕಟೆಯಾಗಿ ಮಾಡಿಕೊಡುತ್ತೇನೆ. ವಿಳಾಸ ನಿಮ್ಮ ಕಚೇರಿಯಲ್ಲಿದೆ, ಅವರು ಕೇಳಿದರೆ ದಯವಿಟ್ಟು ಕೊಡಿ.

— ನಿವೃತ್ತ ಇಂಗ್ಲಿಷ್ ಮೇಷ್ಟ್ರು, ತುಮಕೂರು