ದೊಡ್ಡ ಮೀನನ್ನು ನೀರಿಗೆ ಬಿಟ್ಟ ದಿನ

ಮಾನ್ಯ ಸಂಪಾದಕರಿಗೆ,

ಮಳೆಗಾಲದ ಆರಂಭದಲ್ಲಿ ಮಲೆನಾಡಿನ ಹಳ್ಳ, ಗದ್ದೆಗಳಲ್ಲಿ ನಡೆಯುವ ಹತ್ತುಮೀನಿನ, ಅಂದರೆ ಹರಿವಿನೆದುರು ಮೇಲೆ ಹತ್ತಿ ಬರುವ ಮೀನಿನ, ಶಿಕಾರಿಯ ಚಿತ್ರಗಳನ್ನು ತಮ್ಮ ಪತ್ರಿಕೆಯಲ್ಲಿ ನೋಡಿದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ. ತೀರ್ಥಹಳ್ಳಿ ಕಡೆಯವನಾದ ನಾನೂ ಕೂಣಿ ಎಂಬ ಬಿದಿರಿನ ಮೀನುಬೋನು ಒಡ್ಡಿ, ಎರೆಹುಳ ಚುಚ್ಚಿ ಗಾಳ ಹಾಕಿಯೇ ಬೆಳೆದವನು. ಈಗ ಉದ್ಯೋಗದ ನಿಮಿತ್ತ ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿದ್ದೇನೆ.

ಕಳೆದ ಜೂನ್‌ನ ಒಂದು ಶನಿವಾರ ಇಬ್ಬರು ಕನ್ನಡದ ಗೆಳೆಯರು ಮತ್ತು ಇಲ್ಲಿಯವರೇ ಆದ ಹಿರಿಯ ಸಹೋದ್ಯೋಗಿಯೊಬ್ಬರ ಜೊತೆ ಕೆರೆಗೆ ಹೋಗಿದ್ದೆ. ಇಡಿಯಾಗಿ ಬಾಣಲೆಯಲ್ಲಿ ಹಿಡಿಸುವಷ್ಟು ಗಾತ್ರದ ಬ್ಲೂಗಿಲ್, ಕ್ರಾಪಿ, ಪರ್ಚ್ ಮುಂತಾದ ಮೀನುಗಳಿಗೆ ಇಲ್ಲಿ ಒಟ್ಟಾಗಿ ಪ್ಯಾನ್‌ಫಿಶ್ ಎಂದು ಹೆಸರು. ದಡದ ಹತ್ತಿರ, ಮೊಣಕಾಲುದ್ದದ ತಿಳಿನೀರಿನ ಮರಳಿನಲ್ಲಿ, ಊಟದ ತಟ್ಟೆಯಗಲದ ಗುಳಿಗಳು ಒಂದರ ಪಕ್ಕ ಒಂದು ಕಾಣುತ್ತಿದ್ದವು. ಒಂದೊಂದು ಗುಳಿಯ ಮೇಲೂ ಕಿತ್ತಳೆ ಎದೆಯ, ಕಿವಿರಿನ ಅಂಚಿನಲ್ಲಿ ಕಪ್ಪು ಮಚ್ಚೆಯ ಗಂಡು ಬ್ಲೂಗಿಲ್ ನಿಂತು, ಬಾಲದಿಂದ ಮೊಟ್ಟೆಗಳಿಗೆ ನೀರು ಬೀಸುತ್ತ, ಹತ್ತಿರ ಬಂದ ಸಣ್ಣ ಮೀನುಗಳನ್ನು ಅಟ್ಟುತ್ತಿತ್ತು. ಹೀಗೆ ಕಾವಲಿಗೆ ನಿಂತ ಮೀನು ಗಾಳಕ್ಕೆ ಬಲು ಬೇಗ ಬೀಳುತ್ತದೆ.

ಸಹೋದ್ಯೋಗಿಯ ಗಾಳಕ್ಕೆ ಬಿದ್ದದ್ದು ಅಂಥದ್ದೇ ಒಂದು. ಬೆನ್ನಿನ ಮುಳ್ಳುಗಳನ್ನು ಅಂಗೈಯಿಂದ ಹಿಂದಕ್ಕೆ ಒತ್ತಿ ಹಿಡಿದು, ಅಳತೆಪಟ್ಟಿಯ ಮೇಲಿಟ್ಟರು, 9 ಇಂಚು. ಮರುಕ್ಷಣವೇ ನೀರಿಗೆ ಬಿಟ್ಟರು. "ಅಲ್ಲ ಮಾರಾಯ, ದೊಡ್ಡದನ್ನು ಬಿಟ್ಟು ಚಿಳ್ಳೆಪಿಳ್ಳೆ ಮನೆಗೆ ಒಯ್ಯುವುದಾ?" ಎಂದು ನನ್ನ ಗೆಳೆಯ ಗೊಣಗಿದ. ನಿಜ ಹೇಳಬೇಕೆಂದರೆ ನನಗೂ ಹೊಟ್ಟೆ ಉರಿದಿತ್ತು.

ಅವರು ಕೊಟ್ಟ ಕಾರಣ ಕೇಳಿದ ಮೇಲೆ ಸುಮ್ಮನಾದೆವು. ಗೂಡು ಕಾಯುವ ದೊಡ್ಡ ಗಂಡುಗಳನ್ನೇ ಹಿಡಿಯುತ್ತ ಹೋದರೆ, ಅವುಗಳಿಗೆ ಹೆದರಿ ತಡವಾಗಿ ಪ್ರಾಯಕ್ಕೆ ಬರಬೇಕಿದ್ದ ಚಿಕ್ಕ ಗಂಡುಗಳು ಬೇಗನೆ ಪ್ರಾಯಕ್ಕೆ ಬಂದು ಬೆಳವಣಿಗೆ ನಿಲ್ಲಿಸಿಬಿಡುತ್ತವೆ. ಕೆಲವೇ ವರ್ಷಗಳಲ್ಲಿ ಕೆರೆಯ ತುಂಬ ಮೀನಿದ್ದರೂ ಎಲ್ಲವೂ ಗಿಡ್ಡವಾಗಿಯೇ ಉಳಿಯುತ್ತವೆ. ಈ ಕಾರಣಕ್ಕಾಗಿಯೇ ಮಿನೆಸೋಟಾ ಸರ್ಕಾರ 2021ರಿಂದ ಆಯ್ದ ಕೆರೆಗಳಲ್ಲಿ, ಒಬ್ಬರು ದಿನಕ್ಕೆ ಹಿಡಿದಿಟ್ಟುಕೊಳ್ಳಬಹುದಾದ ಈ ಜಾತಿಯ ಮೀನುಗಳ ಮಿತಿಯನ್ನು 20ರಿಂದ 10ಕ್ಕೆ, ಕೆಲವೆಡೆ 5ಕ್ಕೆ ಇಳಿಸುತ್ತ ಬಂದಿದೆ. ನಾವು ಹೋದ ಕೆರೆಗೆ 5ರ ಮಿತಿ. ನಾಲ್ವರಿಗೆ ಸೇರಿ ಹದಿನೇಳು ಮೀನು ಸಿಕ್ಕವು. ಉಪ್ಪು, ಖಾರ, ಅರಿಶಿನ ಸವರಿ, ಅಕ್ಕಿತರಿಯಲ್ಲಿ ಹೊರಳಿಸಿ ಹುರಿದಾಗ ರುಚಿಗೇನೂ ಕೊರತೆಯಾಗಲಿಲ್ಲ.

ಅಂದು ರಾತ್ರಿಯಿಡೀ ನನಗೆ ನೆನಪಾದದ್ದು ಊರಿನ ಕೊರವ ಮೀನು. ಅದೂ ಮರಿ ಕಾಯುವ ಜಾತಿಯೇ. ಕೆಂಪು ಮರಿಗಳ ಗುಂಪು ನೀರಿನ ಮೇಲೆ ಮಿನುಗಿದರೆ ಕೆಳಗೆ ತಾಯಿತಂದೆ ಇರುತ್ತವೆಂದು ತಿಳಿದೇ ನಾವು ಅಲ್ಲಿಗೆ ಗಾಳ ಬಿಡುತ್ತಿದ್ದೆವು. ಕಾವಲಿನ ಮೀನು ಹೋದ ಮೇಲೆ ಆ ಮರಿಗಳ ಗತಿ ಏನಾಯಿತೆಂದು ಒಮ್ಮೆಯೂ ತಿರುಗಿ ನೋಡಲಿಲ್ಲ. ಹತ್ತುಮೀನಿನ ಕಥೆಯೂ ಬೇರೆಯಲ್ಲ. ಮೃಗಶಿರಾ ಮಳೆಗೆ ಹರಿವಿನೆದುರು ಹತ್ತಿ ಗದ್ದೆಗೆ ಬರುವುದೇ ಮೊಟ್ಟೆಯಿಡಲಿಕ್ಕೆ. ನಾವು ಬಡಿಯುವುದು ಅದೇ ದಾರಿಯಲ್ಲಿ ಕಾದು ಕುಳಿತು.

ಪಶ್ಚಿಮ ಕರಾವಳಿಯ ಕಡಲಿನಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ 61 ದಿನಗಳ ರಜೆ ಇದೆ. ಅಷ್ಟು ದೀರ್ಘ ಕಟ್ಟಳೆಯನ್ನು ಹಳ್ಳಕೊಳ್ಳಗಳಿಗೆ ತನ್ನಿ ಎಂದು ನಾನು ಕೇಳುವುದಿಲ್ಲ. ಮಳೆಗಾಲದ ಮೀನುಸಾರು ಬಡವರ ಮನೆಯ ಊಟವೂ ಹೌದು. ಆದರೆ ಮೊದಲ ಹದಿನೈದು ದಿನ ಮೇಲೆ ಹತ್ತುವ ಮೀನಿಗೆ ಕೂಣಿ ಒಡ್ಡದೆ, ಮೊಟ್ಟೆಯಿಟ್ಟು ಕೆಳಗಿಳಿಯುವಾಗ ಹಿಡಿಯುವಂತೆ ಗ್ರಾಮ ಪಂಚಾಯಿತಿಗಳು ಊರಿನವರನ್ನು ಒಪ್ಪಿಸಬಹುದು. ತಾವು ಮುಂದಿನ ವರ್ಷ ಶಿಕಾರಿಯ ಚಿತ್ರ ಪ್ರಕಟಿಸುವಾಗ, ಬುಟ್ಟಿಯಲ್ಲಿರುವುದು ಮೊಟ್ಟೆಯಿಡಲು ಹೊರಟಿದ್ದ ಮೀನು ಎಂಬ ಒಂದು ಸಾಲನ್ನು ಚಿತ್ರದ ಕೆಳಗೆ ಸೇರಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ತೀರ್ಥಹಳ್ಳಿ ಮೂಲದ ಓದುಗ, ಮಿನೆಸೋಟಾ