ಚಂದ್ರನ ಕುಳಿಯ ಚಿತ್ರವನ್ನು ತಲೆಕೆಳಗಾಗಿ ಅಚ್ಚು ಹಾಕಬೇಡಿ

ಮಾನ್ಯ ಸಂಪಾದಕರೇ,

ಚಂದ್ರನ ಆಚೆ ಬದಿಯ, ಅಂದರೆ ಭೂಮಿಗೆ ಎಂದೂ ಮುಖ ಮಾಡದ ಬದಿಯ, ಸಣ್ಣಪುಟ್ಟ ಕುಳಿಗಳ ಚಿತ್ರಗಳು ಈಗ ಪತ್ರಿಕೆಗಳಲ್ಲೂ ಬರುತ್ತಿವೆ, ಸಂತೋಷ. ಆದರೆ ಅಡಿಬರಹದಲ್ಲಿ ನೌಕೆಯ ಹೆಸರೊಂದೇ ಇದ್ದರೆ ಸಾಲದು. ಬಿಸಿಲು ಯಾವ ಕಡೆಯಿಂದ ಬಿದ್ದಿದೆ, ಸೂರ್ಯ ಎಷ್ಟು ಎತ್ತರದಲ್ಲಿದ್ದಾನೆ, ಚಿತ್ರದ ಅಗಲ ಎಷ್ಟು ಎಂಬ ಮೂರು ಸಂಗತಿ ತಿಳಿಯದೆ ಅಂಥ ಚಿತ್ರವನ್ನು ಓದಲಾಗದು.

ಕಾಲಂಗೆ ಹೊಂದಲಿ ಎಂದು ಚಿತ್ರವನ್ನು ತಿರುಗಿಸಿ ಕೂರಿಸಿದರೆ ಗುಂಡಿಯೇ ಗುಡ್ಡೆಯಂತೆ ಕಾಣುತ್ತದೆ. ಬೆಳಕು ಮೇಲಿನಿಂದಲೇ ಬೀಳುತ್ತದೆ ಎಂದು ಕಣ್ಣು ಮೊದಲೇ ತೀರ್ಮಾನಿಸಿಬಿಡುವುದೇ ಇದಕ್ಕೆ ಕಾರಣ. ಈಚೆ ಬದಿಯ ಟೈಕೋ, ಕೋಪರ್ನಿಕಸ್ ಕುಳಿಗಳಾದರೆ ಬೈನಾಕ್ಯುಲರ್ ಹಿಡಿದು ತಾಳೆ ನೋಡಬಹುದು. ಆಚೆ ಬದಿ ಪಿಲಿಕುಳದಿಂದಲೂ ಕಾಣದು, ಮಲ್ಪೆಯಿಂದಲೂ ಕಾಣದು. ಗುರುತು ಹಿಡಿಯಲು ಬೇಕಾದ ಕಪ್ಪು ಬಯಲುಗಳೂ ಅಲ್ಲಿ ತೀರಾ ಕಡಿಮೆ. ಹಾಗಾಗಿ ಓದುಗನಿಗೆ ಅಡಿಬರಹವೇ ಗತಿ. ಅದರಲ್ಲೂ ‘ಕತ್ತಲ ಬದಿ’ ಎಂದು ಬರೆಯುವುದನ್ನು ದಯವಿಟ್ಟು ನಿಲ್ಲಿಸಿ. ನಮಗೆ ಅಮಾವಾಸ್ಯೆಯಾದ ದಿನ ಆ ಬದಿಯಲ್ಲಿ ಪೂರ್ತಿ ಬಿಸಿಲು.

ಸೂರ್ಯನ ಎತ್ತರ ಬದಲಾದರೆ ಅದೇ ಕುಳಿಯ ರೂಪವೂ ಬದಲಾಗುತ್ತದೆ. ನೆತ್ತಿಯ ಬಿಸಿಲಿನಲ್ಲಿ ನೆರಳಿಲ್ಲ; ಹೊಸ ಕುಳಿಯಾದರೆ ಸುಣ್ಣ ಎರಚಿದಂಥ ಬಿಳಿ ಮಚ್ಚೆ ಮಾತ್ರ ಕಾಣುತ್ತದೆ. ಓರೆ ಬಿಸಿಲಿನಲ್ಲಿ ಅಂಚು, ಗೋಡೆ, ಉರುಳಿದ ಬಂಡೆಗಳು ಎದ್ದು ಕಾಣುತ್ತವೆ, ಬಿಳುಪು ಮಾಸುತ್ತದೆ. ಇವೆರಡನ್ನೂ ಪಕ್ಕಪಕ್ಕ ಹಾಕಿ ‘ಕುಳಿ ಬದಲಾಗಿದೆ’ ಎಂದು ಬರೆದರೆ ಅದು ಸುದ್ದಿಯಲ್ಲ, ಎಡವಟ್ಟು.

ವಿವರ ಸರಿಯಾಗಿ ಕೊಟ್ಟರೆ ಪಿಯುಸಿ ವಿದ್ಯಾರ್ಥಿಯೂ ಕುಳಿಯ ಆಳವನ್ನು ಅಳೆಯಬಲ್ಲ. ನೆರಳಿನ ಉದ್ದವನ್ನು ಸೂರ್ಯನ ಎತ್ತರದ ಕೋನದ ಟ್ಯಾನ್‌ನಿಂದ (ಟ್ಯಾಂಜೆಂಟ್) ಗುಣಿಸಿದರಾಯಿತು. ಚಂದ್ರನನ್ನು ಸುತ್ತುವ ನಾಸಾದ ಎಲ್‌ಆರ್‌ಒ ನೌಕೆಯ ಚಿತ್ರಗಳ ವಿವರಗಳಲ್ಲಿ ಇನ್ಸಿಡೆನ್ಸ್ ಕೋನ (ಸೂರ್ಯ ನೆತ್ತಿಯಿಂದ ಎಷ್ಟು ಓರೆಯಾಗಿದ್ದಾನೆ ಎಂಬ ಕೋನ) ಇರುತ್ತದೆ. ಅದನ್ನು 90ರಿಂದ ಕಳೆದರೆ ಸೂರ್ಯನ ಎತ್ತರ ಸಿಗುತ್ತದೆ. ಕೋನ 68 ಇದ್ದರೆ ಎತ್ತರ 22 ಡಿಗ್ರಿ, ಅದರ ಟ್ಯಾನ್ 0.404. ಒಂದು ಕಿಲೋಮೀಟರ್ ಅಗಲದ ಕುಳಿಯಲ್ಲಿ ಅಂಚಿನಿಂದ ನಡುವಿನವರೆಗೆ 500 ಮೀಟರ್ ನೆರಳಿದ್ದರೆ ಆಳ ಸುಮಾರು 200 ಮೀಟರ್. ಸವೆಯದ ಸಣ್ಣ ಕುಳಿಯ ಆಳ ಅಗಲದ ಐದನೇ ಒಂದು ಭಾಗದಷ್ಟು ಇರುವುದರಿಂದ ಲೆಕ್ಕ ಸರಿ ಬಂತು ಎನ್ನಬಹುದು. ಹಳೆಯ, ಸವೆದ ಕುಳಿಗಳು ಇದಕ್ಕಿಂತ ಚಪ್ಪಟೆ.

ಲೆಕ್ಕ ತಪ್ಪುವುದು ಸಾಮಾನ್ಯವಾಗಿ ನೆರಳಿನ ತುದಿಯಲ್ಲಿ. ಸೂರ್ಯ 10 ಡಿಗ್ರಿಯಷ್ಟೇ ಮೇಲಿದ್ದರೆ ನೆರಳು ತಳವನ್ನು ದಾಟಿ ಎದುರಿನ ಗೋಡೆ ಹತ್ತುತ್ತದೆ, ಆಗ ಸಿಗುವ ಸಂಖ್ಯೆ ನಿಜವಾದ ಆಳಕ್ಕಿಂತ ಕಡಿಮೆ. ಗೋಡೆಯ ಇಳಿಜಾರಿಗಿಂತ ಸೂರ್ಯನೇ ಎತ್ತರದಲ್ಲಿದ್ದರೆ ನೆರಳೇ ಬೀಳದು. ಇನ್ನೊಂದು ತೊಡಕೂ ಇದೆ: ಸೂರ್ಯ ಬಿಂದುವಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. ಆದ್ದರಿಂದ ಮೇಲಿನ ಉದಾಹರಣೆಯಲ್ಲಿ ನೆರಳಿನ ತುದಿ ಸುಮಾರು 13 ಮೀಟರ್‌ನಷ್ಟು ಮಬ್ಬಾಗಿರುತ್ತದೆ; ಆ ಮಬ್ಬಿನ ನಡುವಿನವರೆಗೆ ಅಳೆಯಬೇಕು. ಇನ್ನು ಪತ್ರಿಕೆಯವರು ಚಿತ್ರವನ್ನು ಅರ್ಧಕ್ಕೆ ಇಳಿಸಿ ಮೂಲದ ಪಿಕ್ಸೆಲ್ ಅಳತೆಯನ್ನೇ (ಚಿತ್ರದ ಒಂದು ಚುಕ್ಕೆ ನೆಲದ ಮೇಲೆ ಎಷ್ಟು ಮೀಟರ್ ಎಂಬುದನ್ನು) ಅಚ್ಚು ಹಾಕಿದರೆ 200 ಮೀಟರ್ ಆಳ 100 ಆಗುತ್ತದೆ.

ಪಿಕ್ಸೆಲ್ ಅಳತೆಯೂ ಎಲ್ಲ ಚಿತ್ರಗಳಲ್ಲಿ ಒಂದೇ ಅಲ್ಲ. ಚಂದ್ರಯಾನ-2ರ ಟಿಎಂಸಿ-2 ಕ್ಯಾಮೆರಾ 100 ಕಿ.ಮೀ. ಎತ್ತರದಿಂದ 5 ಮೀಟರ್‌ನಷ್ಟು ಸೂಕ್ಷ್ಮವಾಗಿ ನೋಡುತ್ತದೆ. 2019ರ ಆಗಸ್ಟ್ 23ರಂದು ಅದು ಆಚೆ ಬದಿಯ ಜಾಕ್ಸನ್, ಮಿತ್ರ, ಕೊರೊಲೆವ್ ಕುಳಿಗಳನ್ನು ತೆಗೆದದ್ದು ಸುಮಾರು 4,375 ಕಿ.ಮೀ. ಎತ್ತರದಿಂದ. ಲೆಕ್ಕ ಹಾಕಿದರೆ ಒಂದು ಪಿಕ್ಸೆಲ್‌ಗೆ ಹೆಚ್ಚುಕಡಿಮೆ 220 ಮೀಟರ್. ಭಾರತದ ಭೌತವಿಜ್ಞಾನಿ ಶಿಶಿರ್ ಕುಮಾರ್ ಮಿತ್ರರ ಹೆಸರಿನ 92 ಕಿ.ಮೀ. ಅಗಲದ ಕುಳಿ ಅದರಲ್ಲಿ ಚೆನ್ನಾಗಿಯೇ ಕಾಣುತ್ತದೆ. ಒಂದು ಕಿಲೋಮೀಟರಿನ ಕುಳಿಗೆ ಸಿಗುವುದು ನಾಲ್ಕೈದು ಪಿಕ್ಸೆಲ್. ಅದೇ ನೌಕೆಯ ಓಎಚ್‌ಆರ್‌ಸಿ ಕ್ಯಾಮೆರಾ 100 ಕಿ.ಮೀ. ಎತ್ತರದಿಂದ ಸುಮಾರು 25 ಸೆಂಟಿಮೀಟರ್‌ವರೆಗೆ ನೋಡಬಲ್ಲದು, ಆದರೆ ಅದು ಒಮ್ಮೆಗೆ ನೋಡುವ ನೆಲದ ಪಟ್ಟಿಯ ಅಗಲ 3 ಕಿ.ಮೀ. ಮಾತ್ರ.

ಹೆಸರಿನಲ್ಲೂ ಎಚ್ಚರ ಬೇಕು. ಆಚೆ ಬದಿಯ ಸಣ್ಣ ಕುಳಿಗೆ ಹತ್ತಿರದ ದೊಡ್ಡ ಕುಳಿಯ ಹೆಸರಿನ ಜೊತೆ ಒಂದು ಇಂಗ್ಲಿಷ್ ಅಕ್ಷರ ಸೇರಿಸುತ್ತಾರೆ. ಆ ಅಕ್ಷರವೇ ದಿಕ್ಕು: ಝಡ್ ಉತ್ತರ, ಎಫ್ ಪೂರ್ವ, ಎಂ ದಕ್ಷಿಣ, ಟಿ ಪಶ್ಚಿಮ. ಐ ಮತ್ತು ಒ ಬಿಟ್ಟು 24 ಅಕ್ಷರ, ಒಂದೊಂದಕ್ಕೆ 15 ಡಿಗ್ರಿ. ಜಾಗ ಸಾಲದೆಂದು ಅಕ್ಷರವನ್ನು ಕೈಬಿಟ್ಟರೆ ಬೇರೆಯೇ ಕುಳಿಯ ಹೆಸರು ಅಚ್ಚಾಗುತ್ತದೆ.

ಮೂಲ ಚಿತ್ರಗಳು ಉಚಿತ. ಎಲ್‌ಆರ್‌ಒದವು ಕ್ವಿಕ್‌ಮ್ಯಾಪ್ ಎಂಬ ಜಾಲನಕ್ಷೆಯಲ್ಲಿ, ಚಂದ್ರಯಾನದವು ಇಸ್ರೋದ ಪ್ರದಾನ್ ಜಾಲತಾಣದಲ್ಲಿ ನೋಂದಾಯಿಸಿಕೊಂಡರೆ ಸಿಗುತ್ತವೆ. ಎಲ್‌ಆರ್‌ಒದ ಕಚ್ಚಾ ಚಿತ್ರಗಳಲ್ಲಿ ಕೆಲವು ಎಡಬಲ ಅದಲುಬದಲಾಗಿ ಬರುವುದರಿಂದ ನಕ್ಷೆಗೆ ಹೊಂದಿಸಿದ ಪ್ರತಿಯನ್ನೇ ಬಳಸುವುದು ಕ್ಷೇಮ. ಚಿತ್ರವನ್ನು ಕತ್ತರಿಸುವ ಮೊದಲೇ ಅಳತೆಗೆರೆ ಮತ್ತು ಉತ್ತರದ ಬಾಣವನ್ನು ಅದರೊಳಗೆ ಕೂರಿಸಿ. ಆಮೇಲೆ ಪುಟವಿನ್ಯಾಸದವರು ಎಷ್ಟು ಹಿಗ್ಗಿಸಿದರೂ ಕುಗ್ಗಿಸಿದರೂ ಅಳತೆ ಕೆಡದು.

— ಹವ್ಯಾಸಿ ಖಗೋಳ ವೀಕ್ಷಕರು, ಉಡುಪಿ